ಕಾಲು ಮುಂದಾಗಿ ಹೊರಟ ಕಂಬಳಿ ಅತ್ತೆ

ಟುಂಯ್... ಟುಂಯ್... ಟಕ್. ಮೊನ್ನೆ ನಮ್ಮ ರಸ್ತೆಯಲ್ಲಿ ಹತ್ತಿ ಹಿಂಜುವವನೊಬ್ಬ ಹೆಗಲ ಮೇಲೆ ಬಿಲ್ಲು ಹೊತ್ತು ಅದರ ಹೆದೆಯನ್ನು ಮೀಟುತ್ತಾ ಹೋದ. ಈ ಕಾಲದಲ್ಲೂ ಹಾಸಿಗೆ ಹಿಂಜಿಸುವವರು ಇದ್ದಾರೆಯೇ ಎಂದು ನಾನು ಬಾಲ್ಕನಿಗೆ ಬಂದು ಇಣುಕುವಷ್ಟರಲ್ಲಿ ಅವನು ತಿರುವಿನಲ್ಲಿ ಮರೆಯಾಗಿದ್ದ. ಸದ್ದು ಮಾತ್ರ ಕಿವಿಯಲ್ಲೇ ಉಳಿಯಿತು. ಅದರ ಬೆನ್ನಿಗೇ ಎಲ್ಲಿಂದಲೋ ಹುಣಿಸೆ ಬೀಜದ ಗಂಜಿಯ ವಾಸನೆ... ಹತ್ತಿಗೂ ಹುಣಿಸೆ ಬೀಜಕ್ಕೂ ಏನೂ ಸಂಬಂಧವಿಲ್ಲ. ಆ ಗಂಜಿ ಹಾಕುವುದು ಕಂಬಳಿಗೆ. Funny thing, ಈ ಮೂಗು. ಯಾರನ್ನೂ ಕೇಳದೆ ನನ್ನನ್ನು ಎಪ್ಪತ್ತರ ದಶಕದ ಹೊಸದುರ್ಗಕ್ಕೆ ಕರೆದುಕೊಂಡು ಹೋಗಿಬಿಟ್ಟಿತು.

ಅಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದ ಅಂಗಳದಲ್ಲಿ ದಿನವಿಡೀ ಆ ಬಿಲ್ಲಿನ ಸದ್ದು. ಮೀಟುತ್ತಿದ್ದವರು ಕುರಿ ಸಾಕುವ ಮನೆತನದ ಒಬ್ಬ ವಿಧವೆ. ಇಡೀ ಬೀದಿಗೆ ಅವರು ಕಂಬಳಿ ಅತ್ತೆ. ಉಣ್ಣೆ ಹಿಂಜುವ ಬಿಲ್ಲನ್ನು ಗಂಡಸರೇ ಹಿಡಿಯಬೇಕು, ಹೆಂಗಸರು ನೂಲು ತೆಗೆಯಬೇಕು ಎಂಬುದು ಅವರಲ್ಲಿ ರೂಢಿಯಂತೆ. ಗಂಡ ತೀರಿಕೊಂಡ ವರ್ಷ ಮೈದುನ ಬಂದು ಬಿಲ್ಲನ್ನು ತನ್ನ ಮನೆಗೆ ಒಯ್ಯಲು ನೋಡಿದಾಗ ಈಕೆ, “ಬಿಲ್ಲು ಒಯ್ಯೋದಾದ್ರೆ ನನ್ನ ಹೊಟ್ಟೇನೂ ಒಯ್ಯಪ್ಪ, ದಿನಾ ತುಂಬ್ಸು” ಅಂದರಂತೆ. ಬಿಲ್ಲು ಅಲ್ಲೇ ಉಳಿಯಿತು. ಎತ್ತರದ ಹೆಂಗಸು, ಎಲೆಅಡಿಕೆಯಿಂದ ಕೆಂಪಾದ ಬಾಯಿ. ನನಗೆ ಹೆಸರಿದೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಕಾನ್ವೆಂಟಿನಲ್ಲಿ ಓದಿದ ನಾನು ಅವರ ಪಾಲಿಗೆ ‘ಕಾನ್ವೆಂಟು’.

ಆಗ ನಾನು ಆಸ್ಪತ್ರೆಯಲ್ಲಿ ಫಸ್ಟ್ ಏಡ್ ತರಬೇತಿ ಮುಗಿಸಿ ಬಂದಿದ್ದೆ. ನನ್ನ ಜೊತೆ ಇನ್ನೂ ಮೂವರು ಹುಡುಗಿಯರು. ತರಬೇತಿ ಮುಗಿದರೂ ಲೈಸೆನ್ಸು ಕೈಗೆ ಬಂದಿರಲಿಲ್ಲ. ಅದಕ್ಕೆ ಚಿತ್ರದುರ್ಗದಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಕೊಡಬೇಕಿತ್ತು. ಊರಾಚೆಯ ಗಣಿಯಲ್ಲಿ ಅದಿರು ಹೊರಲು ಗುಂಪುಗುಂಪಾಗಿ ಹೆಂಗಸರು ಬರುತ್ತಿದ್ದರು. ಕಾಲು ಮುರಿದರೂ ತೊಡೆ ಹರಿದರೂ ಅವರು ಗಂಡಸರಿಂದ ಪಟ್ಟಿ ಕಟ್ಟಿಸಿಕೊಳ್ಳುತ್ತಿರಲಿಲ್ಲ, ಸೆರಗು ಸುತ್ತಿಕೊಂಡು ಮನೆಗೆ ಹೋಗಿಬಿಡುತ್ತಿದ್ದರು. ಗಣಿಯ ಮ್ಯಾನೇಜರ್ ಹೇಳಿದ್ದು ಇಷ್ಟೇ: ಈ ಸಲ ಲೈಸೆನ್ಸ್ ತಂದರೆ ಆಂಬುಲೆನ್ಸ್ ರೂಮಿನ ಕೆಲಸ ನಿಮ್ಮದು, ಇಲ್ಲವಾದರೆ ಗಂಡಸರನ್ನೇ ಹಾಕಿಕೊಳ್ಳುತ್ತೇವೆ. ಇತ್ತ ನಮ್ಮ ದೊಡ್ಡಪ್ಪ ಒಂದು ಸಂಬಂಧವನ್ನು ಹಿಡಿದುಕೊಂಡು ಕೂತಿದ್ದರು. ಪಾಸಾದರೆ ಕೆಲಸ, ಫೇಲಾದರೆ ಮದುವೆ ಛತ್ರ.

ಗಾಯಕ್ಕೆ ಪಟ್ಟಿ ಕಟ್ಟುವುದು, ಮುರಿದ ಕೈಗೆ ದಬ್ಬೆ ಕಟ್ಟುವುದು, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಇವೆಲ್ಲ ನಮಗೆ ನೀರು ಕುಡಿದಷ್ಟು ಸಲೀಸು. ಸ್ಟ್ರೆಚರ್ ಮಾತ್ರ ಅಭ್ಯಾಸವಿಲ್ಲದೆ ಬರುವಂಥದ್ದಲ್ಲ. ಎರಡು ಬಿದಿರ ಗಳುವಿಗೆ ಕಂಬಳಿ ಸುತ್ತಿ, ಪೇಷೆಂಟನ್ನು ಮಲಗಿಸಿ, ನಾಲ್ವರೂ ಒಂದೇ ಹೆಜ್ಜೆಯಲ್ಲಿ ಹೊರಬೇಕು. ರೋಗಿಯ ಕಾಲು ಮುಂದೆ, ತಲೆ ಹಿಂದೆ. ಹಿಂದೆ ಹೊರುವವಳ ಕಣ್ಣೆದುರಿಗೇ ರೋಗಿಯ ಮುಖ ಇರಬೇಕು, ಅದಕ್ಕೆ. That was the rule.

ಆದರೆ ಪೇಷೆಂಟ್ ಎಲ್ಲಿ? ಇಡೀ ಬೀದಿಯಲ್ಲಿ ಒಬ್ಬರೂ ಮಲಗಲು ಒಪ್ಪಲಿಲ್ಲ. ಬಿದಿರಿನ ಮೇಲೆ ಕಟ್ಟಿಸಿಕೊಂಡು, ನಾಲ್ಕು ಜನರ ಕೈಮೇಲೆ, ಕಾಲು ಮುಂದಾಗಿ ಮನೆಯಿಂದ ಹೊರಡುವುದು ಹೆಣ ಮಾತ್ರ. ಸತ್ತವರನ್ನು ಕೂರಿಸಿ ಒಯ್ಯುವ ಮನೆಯವರನ್ನು ಕೇಳಿದರೆ, “ನಮ್ಮಲ್ಲಿ ಕೂರಿಸ್ತೀವಿ ಕಣವ್ವ, ಆದ್ರೂ ಬ್ಯಾಡ” ಎಂದು ಬಾಗಿಲು ಹಾಕಿಕೊಂಡರು. ನಮ್ಮಮ್ಮನದು ಇನ್ನೊಂದು ರಾಗ. “ಹೆಂಗಸರು ಚಟ್ಟ ಹೊತ್ತಿದ್ದು ಎಲ್ಲಾದ್ರೂ ಉಂಟೇನೇ? ಮದುವೆ ಆಗ್ಬೇಕಾದ ಹುಡುಗಿ!” ದಿಂಬು ಇಟ್ಟು ಹೊತ್ತು ನೋಡಿದೆವು. ದಿಂಬಿಗೆ ಭಾರವೂ ಇಲ್ಲ, ಭಯವೂ ಇಲ್ಲ.

ಕಂಬಳಿ ಕೇಳಲೆಂದು ನಾನು ಪಕ್ಕದ ಅಂಗಳಕ್ಕೆ ಹೋದೆ. ಅತ್ತೆ ಬಿಲ್ಲು ನಿಲ್ಲಿಸಿದರು.

“ಏನವ್ವಾ ಕಾನ್ವೆಂಟು, ಬ್ಯಾಸಗೇಲಿ ಕಂಬಳಿ ಯಾಕೆ?”

ಹೇಳಿದೆ. ಮಲಗುವವರೇ ಇಲ್ಲ ಎಂದೂ ಹೇಳಿದೆ. ಅವರು ತಂಬುಲವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ ಕೇಳಿದರು.

“ಮಲಗಿದೋರು ಏನ್ ಮಾಡ್ಬೇಕು?”

“ಏನೂ ಇಲ್ಲ ಅತ್ತೆ. ಸುಮ್ನೆ ಮಲಗಿರ್ಬೇಕು.”

“ನನ್ ಜಲ್ಮದಾಗೆ ಅಂಥ ಕೆಲ್ಸ ಯಾರೂ ಕೊಟ್ಟಿರ್ಲಿಲ್ಲ ಬಿಡು. ನಡಿ, ಹೋಗಾಣ.”

ಹೊಸ ಕರಿ ಕಂಬಳಿಯೊಂದನ್ನು ತಾವೇ ಕೊಡವಿ ಹೆಗಲಿಗೆ ಹಾಕಿಕೊಂಡು ಬಂದರು. ಗಂಜಿಯ ಪೊಗರು ಇನ್ನೂ ಇಳಿಯದ, ಹಲಗೆಯಂತೆ ಬಿರುಸಾದ ಕಂಬಳಿ. ನಡುಬೀದಿಯಲ್ಲಿ ಹಾಡುಹಗಲೇ ಅದರ ಮೇಲೆ ಅಂಗಾತ ಮಲಗಿದರು. ಜಗಲಿಗಳ ಮೇಲೆ ಜನ. ದೊಡ್ಡಪ್ಪ ಛತ್ರಿ ಹಿಡಿದು ಬಂದೇಬಿಟ್ಟರು. “ಇದೇನಮ್ಮಾ ಅಪಶಕುನ? ಎದ್ದೇಳು!”

ಅತ್ತೆ ಮಲಗಿದಲ್ಲಿಂದಲೇ ಉತ್ತರ ಕೊಟ್ಟರು. “ಸ್ವಾಮಿ, ಗಂಡ ಸತ್ತೋಳು ಎದುರಿಗೆ ಬಂದ್ರೂ ಅಪಶಕುನ ಅಂತೀರಿ, ಮಲಗಿದ್ರೂ ಅಪಶಕುನ ಅಂತೀರಿ. ಮಲಗಿದ್ರೆ ನನಗಾದ್ರೂ ಬೆನ್ನು ನೋವು ಕಮ್ಮಿ. ನೀವು ಆ ಕಡೀಕೆ ಸರೀರಿ, ಹುಡುಗ್ರು ಹೊರ್ಲಿ.”

ಯಾರೋ ಕಿಸಕ್ಕನೆ ನಕ್ಕರು. ದೊಡ್ಡಪ್ಪ ಸರಿದರು. ಆದರೆ ಅಂದೇ ಸಂಜೆ ಉಳಿದ ಮೂವರು ಹುಡುಗಿಯರ ತಾಯಂದಿರು ಒಟ್ಟಾಗಿ ಬಂದು ಒಂದು ರಾಜಿ ಮಾಡಿಸಿದರು. ಹೊರುವುದಾದರೆ ಹೊರಲಿ, ಕಾಲು ಮುಂದೆ ಮಾತ್ರ ಬೇಡ, ತಲೆ ಮುಂದಾಗಲಿ. ಅದೂ ಆಗದಿದ್ದರೆ ಹುಡುಗಿಯರನ್ನು ಕಳಿಸುವುದಿಲ್ಲ. ಒಪ್ಪದೆ ದಾರಿಯಿರಲಿಲ್ಲ. ಅತ್ತೆ ಮಾತ್ರ ಗೊಣಗಿದರು. “ಪುಸ್ತಕದಾಗೆ ಹೆಂಗೈತೋ ಹಂಗೆ ಹೊರ್ರೇ. ನಾಳೆ ದುರ್ಗದಾಗೆ ನಿಮ್ಮವ್ವದೀರು ಬರ್ತಾರಾ?”

ದಿನಾ ಬೆಳಿಗ್ಗೆ ಅವರನ್ನು ಹೊತ್ತು ಬೀದಿ ಸುತ್ತಿದೆವು, ತಲೆ ಮುಂದಾಗಿ. ಅವರಿಗೆ ಅದೊಂದು ಮೆರವಣಿಗೆ. ಕಂಡವರನ್ನೆಲ್ಲ ಮಲಗಿದಲ್ಲಿಂದಲೇ ಮಾತಾಡಿಸುವರು. ಉಣ್ಣೆಯ ಬಾಕಿ ಉಳಿಸಿಕೊಂಡವನು ಎದುರಾದರೆ ಅವನ ವಂಶಾವಳಿಯನ್ನೇ ಬಿಚ್ಚುವರು. “ಅತ್ತೆ, ನಿಮಗೆ ಜ್ಞಾನ ತಪ್ಪಿದೆ, ಮಾತಾಡಬಾರದು” ಎಂದರೆ, “ಬಾಯಿ ಇರೋ ಹೆಣ ಯಾರಾದ್ರೂ ಕಂಡೀರಾ? ನಾನು ಮಾತಾಡಿದ್ರೇ ಜನಕ್ಕೆ ಧೈರ್ಯ” ಎನ್ನುತ್ತಿದ್ದರು. ನಿಜವೇ. ಕೊನೆಕೊನೆಗೆ ಜಗಲಿಯ ಮೇಲಿನ ಹೆಂಗಸರು ಎದ್ದು ಒಳಗೆ ಹೋಗುವುದನ್ನು ಬಿಟ್ಟಿದ್ದರು.

ಪರೀಕ್ಷೆಯ ದಿನ ಅತ್ತೆಯೂ ಬಸ್ಸು ಹತ್ತಿದರು. ಚಿತ್ರದುರ್ಗದ ಮೈದಾನವೊಂದರಲ್ಲಿ ಹಗ್ಗ ಕಟ್ಟಿದ್ದರು. ದಪ್ಪ ಕನ್ನಡಕದ ಎಕ್ಸಾಮಿನರ್ ನಮ್ಮನ್ನು ನೋಡಿ, “Ladies need not do the stretcher. ಸ್ಟ್ರೆಚರ್ ಬಿಟ್ಟು ಮನೆ ಶುಶ್ರೂಷೆ ಸರ್ಟಿಫಿಕೇಟ್ ಕೊಡ್ತೀವಿ, ಸಾಕಲ್ವೇನಮ್ಮ?” ಅಂದರು. ಆ ಕಾಗದವನ್ನು ಗಣಿಯಲ್ಲಿ ಯಾರು ಕೇಳುತ್ತಾರೆ? ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ ಇಂಗ್ಲಿಷಿಗೆಲ್ಲ ಅಂದು ಕೆಲಸ ಬಂತು. “We have come to carry, Sir. We shall carry.” ಅವರು ಹುಬ್ಬೇರಿಸಿ, ಸರಿ ಎಂಬಂತೆ ಕೈ ಮಾಡಿದರು.

ಕಂಬಳಿ ಸುತ್ತಿದೆವು, ಅತ್ತೆಯನ್ನು ಮಲಗಿಸಿದೆವು, ಎತ್ತಿದೆವು. ಕೈಗೆ ಕೂತ ರೂಢಿ... ನಾಲ್ವರೂ ಒಟ್ಟಿಗೆ ತಲೆ ಮುಂದಾಗಿ ಹೊರಟುಬಿಟ್ಟೆವು. ಮೈದಾನವೆಲ್ಲ ಕೇಳುವಂತೆ ಅತ್ತೆ ಕೂಗಿದರು. “ಲೇ, ತಿರುಗಿಸ್ರೇ! ಕಾಲು ಮುಂದೆ, ಕಾಲು ಮುಂದೆ!”

“ಪೇಷೆಂಟಿಗೆ ಜ್ಞಾನ ತಪ್ಪಿದೆ!” ಎಕ್ಸಾಮಿನರ್ ಗದರಿದರು.

“ತಪ್ಪಿರೋದು ನನಗಲ್ಲ ಸ್ವಾಮಿ, ಈ ಹುಡುಗ್ರಿಗೆ!”

ಗಂಡು ಕ್ಯಾಂಡಿಡೇಟುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಕ್ಸಾಮಿನರ್ ನಗಲಿಲ್ಲ. “Failed,” ಅಂದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸ್ಟ್ರೆಚರನ್ನು ಅಲ್ಲೇ ಇಳಿಸಿ ಹೇಳಿದೆ. ನಮ್ಮ ಊರಲ್ಲಿ ಕಾಲು ಮುಂದಾಗಿ ಹೋಗುವುದು ಹೆಣ ಮಾತ್ರ, Sir. ಜೀವ ಇರುವವರು ಯಾರೂ ಇದರ ಮೇಲೆ ಮಲಗಲಿಲ್ಲ, ಈಕೆ ಒಬ್ಬರು ಮಲಗಿದರು. ಈಕೆಯ ಪುಣ್ಯದಿಂದ ನಮ್ಮ ಬೀದಿಯ ಹೆಂಗಸರು ಸ್ಟ್ರೆಚರ್ ಕಂಡರೆ ಓಡುವುದಿಲ್ಲ. ನಿಯಮ ನಮಗೆ ಗೊತ್ತು. ಇನ್ನೊಂದು ಸಲ ಹೊರಲು ಬಿಡಿ. ಅವರು ಕನ್ನಡಕ ತೆಗೆದು ಒರೆಸಿದರು. “After lunch,” ಎಂದು ಹೊರಟುಹೋದರು.

ಬುತ್ತಿ ಬಿಚ್ಚಲು ಅತ್ತೆ ಬಿಡಲಿಲ್ಲ. ಬೇವಿನ ಮರದ ಕೆಳಗೆ ಗಂಡಸರೆಲ್ಲ ಊಟಕ್ಕೆ ಕೂತಿರುವಾಗ ಅವರ ಮುಂದೆಯೇ ಕಾಲು ಮುಂದಾಗಿ ಹೊರಿಸಿಕೊಂಡು ಮೈದಾನ ಸುತ್ತಿಸಿದರು. ಯಾವನೋ, “ಗೋವಿಂದ, ಗೋವಿಂದ!” ಎಂದು ಹೆಣದ ಹಿಂದೆ ಕೂಗುವಂತೆ ಕೂಗಿದ. ಅತ್ತೆ ತಲೆ ಎತ್ತಿ, “ಏನಪ್ಪ, ನೀನು ಬಿದ್ದಾಗ ಇದೇ ಹುಡುಗ್ರೇ ಬರೋದು. ಈಗ್ಲೇ ಮರ್ಯಾದೆ ಕೊಟ್ಟಿಟ್ಟಿರು” ಅಂದರು. ಅವನು ಮುದ್ದೆಗೆ ತಲೆ ಬಗ್ಗಿಸಿದ.

ಮಧ್ಯಾಹ್ನ ಅವರು ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು, ಉಸಿರಾಡುತ್ತಿದ್ದಾರೋ ಇಲ್ಲವೋ ಎಂಬಂತೆ ಮಲಗಿದರು. ತಲೆಯ ಕಡೆ ಇದ್ದವಳು ನಾನು. ಬಾಯಿಲ್ಲದ ಅವರ ಮುಖವನ್ನು ನಾನು ಕಂಡದ್ದು ಅದೊಂದೇ ಸಲ. ಕಾಲು ಮುಂದಾಗಿಯೇ ಹೊತ್ತೆವು... ಪಾಸಾಯಿತು. ಲೈಸೆನ್ಸ್ ಬಂತು. ದೊಡ್ಡಪ್ಪ ತಂದ ಸಂಬಂಧ ಬೇರೆ ಯಾರದೋ ಮನೆ ಸೇರಿತು. ಇಂದಿಗೂ ನನಗೆ ಆ ಬಗ್ಗೆ ಒಂದಿಷ್ಟೂ ವಿಷಾದವಿಲ್ಲ.

ಕೆಲವು ವರ್ಷಗಳ ನಂತರ ನಾನು ಬೇರೆ ಜಿಲ್ಲೆಯ ಗಣಿಗೆ ಹೋದೆ. ಅತ್ತೆ ತೀರಿಕೊಂಡ ಸುದ್ದಿ ನನ್ನನ್ನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೊರಲು ನಾನಿರಲಿಲ್ಲ. ಹೆಂಗಸರಿಗೆ ಹೆಗಲು ಕೊಡಲು ಬಿಡುವುದಿಲ್ಲ, ನಿಜ. ಇದ್ದಿದ್ದರೆ ಕೇಳುತ್ತಿದ್ದೆ. ಕೇಳಿಯೇ ತೀರುತ್ತಿದ್ದೆ. ನನ್ನ ಬಳಿ ಉಳಿದಿದ್ದ ಅವರ ಆ ಕಂಬಳಿಯೂ ಈಗಿಲ್ಲ, ಯಾವುದೋ ಗಣಿಯ ರೂಮಿನಲ್ಲಿ ನುಸಿ ತಿಂದಿತು. ಹತ್ತಿ ಹಿಂಜುವವನ ಬಿಲ್ಲಿನಲ್ಲಿ ಆ ಸದ್ದು ಹೀಗೆ ಯಾವಾಗಲೋ ಒಮ್ಮೆ ಬರುತ್ತದೆ, ತಿರುವಿನಲ್ಲಿ ಹೋಗಿಬಿಡುತ್ತದೆ.

ಆ ಜಿಲ್ಲೆ ಬಿಡುವ ಮುಂಚೆ ನಾನು ಅವರನ್ನು ಕೊನೆಯ ಸಲ ಕಂಡದ್ದು ಹೊಳಲ್ಕೆರೆ ಹತ್ತಿರದ ರೈಲ್ವೆ ಗೇಟಿನಲ್ಲಿ. ಅದಿರಿನ ರಾಶಿ ಜಾರಿ ಕಾಲು ಮುರಿದುಕೊಂಡ ಹೆಂಗಸೊಬ್ಬಳನ್ನು ನಮ್ಮ ವ್ಯಾನಿನಲ್ಲಿ ದುರ್ಗದ ಆಸ್ಪತ್ರೆಗೆ ಒಯ್ಯುತ್ತಿದ್ದೆ. ಗುಡ್ಡದಿಂದ ಇಳಿಸುವಾಗ ಕಾಲು ಮುಂದಾಗಿ ಹೊತ್ತದ್ದಕ್ಕೆ ಅವಳು, “ನನ್ನ ಸಾಯ್ಸಕ್ಕೇ ಒಯ್ತಿದೀರಿ” ಎಂದು ಅಳಲು ಶುರು ಮಾಡಿದವಳು ನಿಲ್ಲಿಸಿಯೇ ಇರಲಿಲ್ಲ. ಗೇಟು ಹಾಕಿತ್ತು. ರಸ್ತೆಯಂಚಿನಲ್ಲಿ ಕಂಬಳಿಯ ಗಂಟು ಹೊತ್ತು ನಿಂತಿದ್ದ ಅತ್ತೆ ನನ್ನ ಗುರುತು ಹಿಡಿದು ಕಿಟಕಿಗೆ ಬಂದರು. ಒಳಗೆ ಮಲಗಿದವಳನ್ನೇ ನೋಡಿದರು.

“ಏನವ್ವಾ, ಅಳಾಕೆ ಬಾಯಿ ಐತಲ್ಲ, ಮತ್ತಿನ್ನೇನು? ನನ್ನನ್ನ ಈ ಹುಡುಗ್ರು ಇದೇ ಥರ ಕಾಲು ಮುಂದೆ ಮಾಡಿ ಮೆರವಣಿಗೆ ಮಾಡ್ಯಾರೆ. ನೋಡು, ಸತ್ತಿಲ್ಲ.”

ಒಳಗಿನ ಅಳು ನಿಂತಿತು. ರೈಲು ಹೋಯಿತು, ಗೇಟು ಮೇಲೆದ್ದಿತು. ಹಿಂದಿನ ಗಾಜಿನಲ್ಲಿ ನೋಡಿದೆ. ಅತ್ತೆಯ ಎರಡೂ ಕೈ ಗಂಟಿನ ಮೇಲಿದ್ದವು, ಬೀಸಲು ಕೈಗೆ ಬಿಡುವಿರಲಿಲ್ಲ. ಧೂಳಿನಲ್ಲಿ ಆ ಕೆಂಪು ಬಾಯಿ ಇನ್ನೂ ಏನೋ ಹೇಳುತ್ತಲೇ ಇತ್ತು.