ಸೋನುನ್ ಎಜೆ ಅವಸರದಲ್ಲಿ ಬೇಡಿದ ಆಶೀರ್ವಾದ

ನರಿನ್ ಹೊಳೆಯ ದಂಡೆಯ ಆ ಪುಟ್ಟ ಊರಿಗೆ ಹೋಗಿ ಸೋನುನ್‌ಬುಬು ಎಂದು ಪೂರ್ತಿ ಹೆಸರು ಹೇಳಿ ಮನೆ ಎಲ್ಲಿ ಎಂದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಸೋನುನ್ ಎಜೆ ಮನೆ ಎಂದರೆ ಕೈ ಹಿಡಿದು ಕರೆದುಕೊಂಡು ಹೋಗಿ ಬಾಗಿಲಿಗೆ ಬಿಟ್ಟು ಬರುತ್ತಾರೆ. ಎಜೆ ಎಂದರೆ ಅಕ್ಕ. ಅವರಿಗಿಂತ ದೊಡ್ಡವರೂ ಅವರನ್ನು ಎಜೆ ಎಂದೇ ಕರೆಯುತ್ತಾರೆ, ಏಕೆಂದರೆ ಅಂಥವರ ಮಕ್ಕಳು, ಮೊಮ್ಮಕ್ಕಳೆಲ್ಲ ಅವರ ಕೈ ಕೆಳಗೇ ಕಲಿತು ಹೋಗಿದ್ದಾರೆ. ಶಾಲೆ ಮುಗಿಸುವ ಮಕ್ಕಳು ಮುಂದೆ ಏನು ಓದಬೇಕು, ಯಾವ ಕೆಲಸಕ್ಕೆ ಹೋಗಬೇಕು ಎಂದು ದಾರಿ ತೋರಿಸುವುದು ಎಜೆಯ ಕೆಲಸ.

ಅವರ ಕಾಲದಲ್ಲಿ ಇಂಥ ಕೆಲಸವೇ ಇರಲಿಲ್ಲ. ಶಾಲೆಯ ಕೊನೆಯ ದಿನ ಬಾವುಟ ಹಿಡಿದು, ತುತ್ತೂರಿ ಊದಿಸಿ, ಅವರನ್ನೂ ಸೇರಿಸಿ ಇಡೀ ತರಗತಿಯನ್ನು ಲಾರಿ ಹತ್ತಿಸಿ ಸರ್ಕಾರದ ಸಾಮೂಹಿಕ ಫಾರಮ್ಮಿನ ಕುರಿ ಕಾಯಲು ಬೆಟ್ಟಕ್ಕೆ ಕಳಿಸಿದ್ದರು. ಇಷ್ಟವೇ ಎಂದು ಯಾರೂ ಕೇಳಲಿಲ್ಲ, ಕೇಳಬಹುದೆಂದು ಮಕ್ಕಳಿಗೂ ಹೊಳೆಯಲಿಲ್ಲ. ಬೆಟ್ಟದ ಬಿಡಾರದಲ್ಲಿ ಉಮ್ಸುನಾಯ್ ಎಂಬ ಅಡುಗೆಯಾಕೆ ಇದ್ದಳು. ಕುರಿ ಕಾಯುವವರ ಮಕ್ಕಳಿಗೆ ಹುಡುಗಿ ಸೋನುನ್ ಬೆಣಚುಕಲ್ಲು ಜೋಡಿಸಿ ಲೆಕ್ಕ ಹೇಳಿಕೊಡುವುದನ್ನು ಆಕೆ ಕಡಾಯಿಯ ಹೊಗೆಯ ನಡುವಿನಿಂದ ನೋಡುತ್ತಿದ್ದಳು. ಒಂದು ದಿನ ಸೌಟು ಕೆಳಗಿಟ್ಟು, ನಿನಗೆ ಏನು ಮಾಡಲು ಇಷ್ಟ ಹುಡುಗಿ ಎಂದು ಕೇಳಿಯೇಬಿಟ್ಟಳು. ಹುಡುಗಿಗೆ ಅಳು ಬಂತು. ಉಮ್ಸುನಾಯ್ ಫಾರಮ್ಮಿನ ಮುಖ್ಯಸ್ಥನ ಬೆನ್ನು ಬಿದ್ದು, ಶಿಕ್ಷಕರ ಕಾಲೇಜಿಗೆ ಅವಳನ್ನು ಕಳಿಸುವ ತನಕ ಅವನ ತಟ್ಟೆಗೆ ಒಳ್ಳೆಯ ಮಾಂಸದ ತುಂಡು ಹಾಕಲಿಲ್ಲವಂತೆ. ಆಕೆಯನ್ನು ನೆನೆಯದೆ ಎಜೆ ಇವತ್ತಿಗೂ ರೊಟ್ಟಿ ಮುರಿಯುವುದಿಲ್ಲ.

ಆ ಅಡುಗೆಯಾಕೆಯ ಪ್ರಶ್ನೆಯನ್ನು ಎಜೆ ಸ್ವಲ್ಪ ತಿರುಗಿಸಿಕೊಂಡಿದ್ದಾರೆ. ಇಷ್ಟ ಏನು ಎಂದರೆ ಮಕ್ಕಳು ನಿನ್ನೆ ಟೀವಿಯಲ್ಲಿ ನೋಡಿದ್ದನ್ನು ಹೇಳುತ್ತಾರೆ. ಅದಕ್ಕೇ ಅವರು, ಯಾವ ಕೆಲಸ ಬೇಕೆನ್ನುತ್ತೀಯೋ ಆ ಕೆಲಸದವರ ಪಕ್ಕ ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಸಂಜೆ ಮುಚ್ಚುವವರೆಗೆ ಸುಮ್ಮನೆ ಕೂತು ಬಾ ಎನ್ನುತ್ತಾರೆ. ಬಂದ ಮೇಲೆ ಕೇಳುವುದು ಒಂದೇ ಮಾತು: ತುಂಬಾ ಬೇಸರವಾದ ಹೊತ್ತು ಯಾವುದು, ಅದನ್ನು ತಡೆದುಕೊಂಡೆಯಾ? ವಕೀಲನಾಗುತ್ತೇನೆಂದು ಕೋಟು ಹೊಲಿಸಿಕೊಂಡಿದ್ದ ಒಬ್ಬ ಹುಡುಗ ಕಡತಗಳ ನಡುವೆ ಮಧ್ಯಾಹ್ನದವರೆಗೂ ಕೂರಲಾರದೆ ಎದ್ದು ಬಂದ. ಅವನೇ ಮುಂದಿನ ವಾರ ರೊಟ್ಟಿ ಭಟ್ಟಿಯಲ್ಲಿ ಕೂತು, ಹಿಟ್ಟು ಉಬ್ಬುವುದನ್ನು ಕಾಯುವ ಹೊತ್ತೇ ಚೆನ್ನಾಗಿತ್ತು ಎಂದ. ಈಗ ಊರು ತಿನ್ನುವುದು ಅವನ ರೊಟ್ಟಿಯನ್ನೇ.

ಇಂಥ ಎಜೆಯೂ ಒಮ್ಮೆ ಎಡವಿದರು. ಆ ವರ್ಷ ಶರತ್ಕಾಲದಲ್ಲಿ ಶಾಲೆಯಲ್ಲಿ ತಂದೆತಾಯಿಯರ ಸಭೆ. ಜಿಲ್ಲೆಯಿಂದ ಬಂದ ಅತಿಥಿಗಳು ಹೊರಟು ನಿಂತಿದ್ದರು, ಊಟ ಆರುತ್ತಿತ್ತು. ಊರಿಗೇ ಹಿರಿಯನಾದ ಜುಮಾಲಿ ಅಜ್ಜ ಮುಂದಿನ ಸಾಲಿನಲ್ಲಿ ಕೂತಿದ್ದ. ಬದುಕೆಲ್ಲ ಕುದುರೆ ಹಿಂಡು ಕಾಯ್ದವನು, ಅವನು ಕೊಟ್ಟ ಬತಾ, ಅಂದರೆ ಆಶೀರ್ವಾದ, ಹುಸಿಯಾಗುವುದಿಲ್ಲ ಎಂದು ಊರಿಗೆ ನಂಬಿಕೆ. ಎಜೆ ಹಿಂದು ಮುಂದು ನೋಡದೆ, ಈ ವರ್ಷ ಶಾಲೆ ಮುಗಿಸುವ ಮಕ್ಕಳಿಗೆ ಬತಾ ಕೊಡಿ ಎಂದುಬಿಟ್ಟರು. ಅಜ್ಜ ಅಂಗೈ ಎರಡೂ ತೆರೆದ. ಎಲ್ಲ ಮಕ್ಕಳಿಗೂ ಒಳ್ಳೆಯದು ಹೇಳಿ, ಕೊನೆಗೆ ಮೊಮ್ಮಗಳು ಕೆಂಜೆಗುಲ್‌ಳ ಹೆಸರು ಹಿಡಿದು, ಇವಳು ಬಿಳಿ ಕೋಟು ತೊಟ್ಟು ಡಾಕ್ಟರಾಗಲಿ ಎಂದ. ಸಭೆಯೆಲ್ಲ ಓಮಿಯಿನ್, ಅಂದರೆ ಹಾಗೇ ಆಗಲಿ, ಎಂದು ಅಂಗೈಯನ್ನು ಮುಖದ ಮೇಲಿಂದ ಇಳಿಸಿತು. ಎಜೆಯೂ ಇಳಿಸಿದರು.

ಮಾರನೆಯ ದಿನ ಕೆಂಜೆಗುಲ್ ಎಜೆಯ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು. ಬೇಸಿಗೆಯಲ್ಲಿ ಅವಳು ಆಸ್ಪತ್ರೆಯಲ್ಲೂ ಒಂದು ದಿನ ಕೂತಿದ್ದಳು, ಊರಾಚೆಯ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲೂ ಕೂತಿದ್ದಳು. ಆಸ್ಪತ್ರೆಯಲ್ಲಿ ಗೋಡೆಯ ಗಡಿಯಾರ ಬಿಟ್ಟು ಬೇರೇನನ್ನೂ ನೋಡಲಿಲ್ಲವಂತೆ. ಸಬ್‌ಸ್ಟೇಷನ್ನಿನಲ್ಲಿ ಗಡಿಯಾರ ಇತ್ತೋ ಇಲ್ಲವೋ ನೆನಪೇ ಇಲ್ಲವಂತೆ. ವಿದ್ಯುತ್ ಕೆಲಸ ಕಲಿಯುತ್ತೇನೆಂದು ಮೊದಲು ಎಜೆಗೆ ಹೇಳಿ, ಆಮೇಲೆ ಮನೆಯಲ್ಲಿ ಹೇಳೋಣ ಎಂದುಕೊಂಡಿದ್ದಳು.

"ಹಂಗಾದ್ರೆ ಹೇಳೋಣ ಬಾ," ಎಂದರು ಎಜೆ.

"ಹೆಂಗೆ ಹೇಳೋದು ಎಜೆ? ನೀವೇ ಓಮಿಯಿನ್ ಅಂದ್ರಲ್ಲ."

ಹಿರಿಯರ ಬತಾ ಮೀರಿ ಹೆಜ್ಜೆ ಇಟ್ಟವರಿಗೆ ಏಳಿಗೆ ಇಲ್ಲ ಎನ್ನುವುದನ್ನು ಅಲ್ಲಿಯ ಮಕ್ಕಳು ತೊಟ್ಟಿಲಲ್ಲೇ ಕೇಳಿರುತ್ತಾರೆ. ಕೆಂಜೆಗುಲ್ ಅಳಲಿಲ್ಲ, ವಾದಿಸಲಿಲ್ಲ. ಚಳಿಗಾಲವಿಡೀ ಜೀವಶಾಸ್ತ್ರದ ಪುಸ್ತಕ ತೆರೆದುಕೊಂಡು ಕೂತಳು, ಹಾಳೆ ಮಾತ್ರ ಮಗುಚಲಿಲ್ಲ. ವಸಂತ ಬರುವ ಮುಂಚೆ ಪರೀಕ್ಷೆಗೆ ಹೆಸರು ಕೊಡಬೇಕು: ಜೀವಶಾಸ್ತ್ರ ಎಂದರೆ ಆಸ್ಪತ್ರೆಯ ದಾರಿ, ಭೌತಶಾಸ್ತ್ರ ಎಂದರೆ ವಿದ್ಯುತ್ತಿನ ದಾರಿ. ಆ ಗಡುವು ಹತ್ತಿರವಾದಂತೆ ಎಜೆಗೆ ಅನ್ನ ನೀರು ರುಚಿಸದಾಯಿತು. ಕೇಳುವುದೇ ತನ್ನ ಕೆಲಸ, ಕೇಳದೆ ಲಾರಿ ಹತ್ತಿಸಿದವರಿಗೂ ತನಗೂ ಏನು ವ್ಯತ್ಯಾಸ ಎಂದು ತಮ್ಮನ್ನೇ ಬೈದುಕೊಂಡರು. ಕೊನೆಗೆ ಒಂದು ದಿನ ಶಾಲೆ ಬಿಟ್ಟೊಡನೆ, ಹುಡುಗಿಯನ್ನು ಜೊತೆಗೆ ಕರೆದುಕೊಂಡು ಅಜ್ಜನ ಮನೆಗೆ ನಡೆದರು.

ಅಜ್ಜ ಮಂಡಿಗೆ ಉಣ್ಣೆಯ ಶಾಲು ಸುತ್ತಿಕೊಂಡು ಕೂತಿದ್ದ. ಹುಡುಗಿಯ ತಾಯಿ ಅನಾರ್ಕುಲ್ ಅಲ್ಲಿಯ ಮರ್ಯಾದೆಯಂತೆ ಬಟ್ಟಲಿಗೆ ಅರ್ಧರ್ಧ ಚಹಾ ಬಗ್ಗಿಸುತ್ತ, ಡಾಕ್ಟರಮ್ಮನ ಮನೆಯ ಚಹಾ ಈಗಲೇ ಕುಡಿದುಬಿಡಿ ಎಜೆ, ಆಮೇಲೆ ಸಾಲಿನಲ್ಲಿ ನಿಲ್ಲಬೇಕಾದೀತು ಎಂದು ನಕ್ಕಳು. ಎಜೆ ನಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅನಾರ್ಕುಲ್ ಕೈಯ ಬಟ್ಟಲು ಅಲ್ಲೇ ನಿಂತಿತು.

"ಕೊಟ್ಟ ಬತಾ ಏನು ತಪ್ಪಿಸ್ಕೊಂಡು ಹೋದ ಕುರೀನಾ, ಹಿಂದಕ್ಕೆ ಹೊಡ್ಕೊಂಡು ಬರೋಕೆ?" ಎಂದ ಅಜ್ಜ.

"ಹಿಂದಕ್ಕೆ ಕೇಳೋಕೆ ಬಂದಿಲ್ಲ ಅತಾ," ಎಂದರು ಎಜೆ. ಅಜ್ಜಂದಿರನ್ನು ಅಲ್ಲಿ ಹಾಗೆಯೇ ಕರೆಯುವುದು. "ತಪ್ಪು ನಂದು ಅಂತ ಹೇಳೋಕೆ ಬಂದೆ. ಪ್ರಯಾಣ ಹೊರಟೋರಿಗೆ ನೀವು ಯಾವಾಗ ಬತಾ ಕೊಡ್ತೀರಿ? ಜೀನು ಬಿಗಿದು, ಇಂಥ ಕಣಿವೆಗೆ ಹೋಗ್ತೀನಿ ಅಂದ್ಮೇಲೆ ತಾನೆ? ಈ ಮಗು ಇನ್ನೂ ಬಾಯೇ ತೆಗೆದಿರ್ಲಿಲ್ಲ, ನಾನು ನಿಮ್ಮ ಕೈ ಎತ್ತಿಸ್ಬಿಟ್ಟೆ."

ಅನಾರ್ಕುಲ್ ಏನೋ ಹೇಳಹೋದರೆ ಅಜ್ಜ ಕಣ್ಣಲ್ಲೇ ತಡೆದ. ಆಮೇಲೆ ಮೊಮ್ಮಗಳ ಕಡೆ ತಿರುಗಿದ. ಎಜೆಯ ಪ್ರಶ್ನೆ ಊರಿಗೆಲ್ಲ ಬಾಯಿಪಾಠವಾಗಿತ್ತು.

"ಆ ಕರೆಂಟಿನ ಮನೇಲಿ ಬೇಸರ ಆದ ಹೊತ್ತು ಯಾವ್ದು?"

"ಮಧ್ಯಾಹ್ನ ಊಟ ಆದ್ಮೇಲೆ ಅತಾ. ಏನೂ ಆಗಲ್ಲ. ಟ್ರಾನ್ಸ್‌ಫಾರ್ಮರು ಗುಂಯ್ ಅಂತಿರುತ್ತೆ. ಎದ್ದು ಮೀಟರಿನ ಮುಳ್ಳು ನೋಡ್ಬೇಕು, ಬರ್ಕೋಬೇಕು, ಮತ್ತೆ ಬಂದು ಕೂರ್ಬೇಕು."

"ತಡ್ಕೊಂಡ್ಯಾ?"

"ಕತ್ತಲಾಗೋ ತನಕ ಇರ್ಲಾ ಅಂತ ಕೇಳ್ದೆ. ಅವ್ರೇ ಮನೆಗೆ ಹೋಗಮ್ಮ ಅಂತ ಕಳಿಸಿದ್ರು."

ಅಜ್ಜನ ಗಡ್ಡ ಅಲುಗಿತು. ಹಿಂಡು ಕಾಯುವುದೂ ಅದೇ ಕೆಲಸ ಎಂದ. ಕುದುರೆಗಳು ಮೇಯುತ್ತವೆ, ಮನುಷ್ಯ ಕೂತಿರುತ್ತಾನೆ. ಆ ಕೂರುವುದು ಬಾರದವನು ಎಷ್ಟು ಚೆನ್ನಾಗಿ ಸವಾರಿ ಮಾಡಿದರೇನು, ಸಂಜೆಗೆ ಹಿಂಡು ಇರುವುದಿಲ್ಲ.

"ಮತ್ತೆ ಆ ಮೊದಲ್ನೇ ಬತಾ ಏನಾಗ್ಬೇಕು ಮಾವಾ?" ಎಂದಳು ಅನಾರ್ಕುಲ್.

"ಅದನ್ನ ಇವಳಿಗೆ ಎಲ್ಲಿ ಕೊಟ್ಟೆ? ಅದು ನನ್ನ ಮಂಡಿಗೆ ಕೊಟ್ಕೊಂಡಿದ್ದು. ಮನೇಲೇ ಡಾಕ್ಟರಿದ್ರೆ ಆಸ್ಪತ್ರೆ ಬೆಂಚು ಕಾಯೋದು ತಪ್ಪುತ್ತಲ್ಲ ಅಂತ. ಮಂಡಿ ಹಾಳಾಗ್ಹೋಗ್ಲಿ, ಅಂಗೈ ತೆರೀರಿ ಎಲ್ರೂ."

ಅಂಗೈ ತೆರೆದು, ಈ ಸಲ ನಿಧಾನವಾಗಿ, ನೀನು ಕೂತಲ್ಲಿ ಊರು ಕತ್ತಲಲ್ಲಿ ಕೂರದಿರಲಿ, ನಿನ್ನ ಕೈ ಮುಟ್ಟಿದ ತಂತಿ ನಿನ್ನನ್ನು ಮುಟ್ಟದಿರಲಿ ಎಂದ. ಎಜೆ ಎಲ್ಲರಿಗಿಂತ ಮೊದಲು ಓಮಿಯಿನ್ ಎಂದರು. ಹಿರಿಯರ ಮಾತಿಗೆ ಮಾತು ತಂದಳು ಎಂದು ಬಾಗಿಲು ತೋರಿಸಬಹುದಾಗಿದ್ದ ಮನುಷ್ಯ ತನ್ನ ಮಾತಿನ ಮೇಲೇ ಇನ್ನೊಂದು ಮಾತು ಇಟ್ಟು ತಪ್ಪು ಮುಚ್ಚಿದ್ದ. ಊರಿನವರು ಈಗಲೂ ಎಜೆಗೆ ಕೃತಜ್ಞತೆ ಹೇಳಲು ಬಂದರೆ, ಜುಮಾಲಿ ಅಜ್ಜನಿಗೆ ಹೇಳಿ ಎಂದು ಅತ್ತ ಕಳಿಸುತ್ತಾರೆ.

ಕೆಂಜೆಗುಲ್ ಭೌತಶಾಸ್ತ್ರ ಬರೆದು, ವಿದ್ಯುತ್ ಕೆಲಸ ಕಲಿಯಲು ರಾಜಧಾನಿ ಬಿಷ್ಕೆಕ್ಕಿಗೆ ಹೋದಳು. ಮರು ಶರತ್ಕಾಲದ ಸಭೆಗೂ ಅಜ್ಜ ಬಂದ, ಕೋಲೂರಿಕೊಂಡು. ಎಜೆ ಅವನ ಎದುರಿಗೆ ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿದರು. ಅಜ್ಜ ಕೈ ತೆರೆಯುವ ಮೊದಲು ಪ್ರತಿಯೊಬ್ಬರನ್ನೂ, ಯಾವ ಕಣಿವೆಗೆ ಹೊರಟೆ ಎಂದು ಕೇಳಿದ. ಒಬ್ಬಳು ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ, ಇನ್ನೂ ಗೊತ್ತಿಲ್ಲ ಅತಾ ಎಂದಳು. ಸಭೆ ಗೊಳ್ಳೆಂದಿತು.

"ನಗ್ಬೇಡ್ರೋ," ಎಂದ ಅಜ್ಜ. "ಗೊತ್ತಾಗ್ಲಿ ಅಂತ್ಲೇ ಬತಾ ಕೊಡ್ತೀನಿ. ಬಾ ತಾಯಿ, ಹತ್ರ ಬಾ."