ಡಾಕ್ಟರ ದೃಷ್ಟಿ ತಾಗಿದಾಗ

"ಮೊನ್ನೆನಾ ಆರಾಮಾಗಿ ಮನಿಗೆ ಹೋದ ಕೂಸು ಮತ್ತ ಯಾಕ ಬಂತ್ರಿ? ಮನ್ಯಾಗ ಹೊಗಿ ಏನರ ಹಾಕಿದ್ರೇನು?" ಬಳ್ಳಾರಿಯ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಕೇಳಿದರು. ನ್ಯುಮೋನಿಯಾದಿಂದ ಚೇತರಿಸಿಕೊಂಡಿದ್ದ ನನ್ನ ಒಂದು ವರ್ಷದ ಮಗ ಮತ್ತೆ ಆಕ್ಸಿಜನ್ ಮಾಸ್ಕಿನೊಳಗೆ ಏದುಸಿರು ಬಿಡುತ್ತಿದ್ದ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಎಲ್ಲರೂ ಸಿಗರೇಟು ಪ್ಯಾಕು ಇಣುಕುತ್ತಿದ್ದ ನನ್ನ ಗಂಡನ ಜೇಬು ನೋಡಿದರು.

ಕುರುಗೋಡಿನಿಂದ ಮೊಮ್ಮಗನನ್ನು ನೋಡಲು ಬಂದಿದ್ದ ನಮ್ಮತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ದೃಷ್ಟಿ ತೆಗದು ಒಣಮೆಣಸಿನಕಾಯಿ ಸುಟ್ಟೀನ್ರಿ. ಘಾಟು ಬರಲಿಲ್ಲಂತ ಇನ್ನೊಂದು ಹಿಡಿ ಹಾಕಿದೆ. ಡಿಸ್‌ಚಾರ್ಜ್ ಮಾಡುವಾಗ 'ಕೂಸು ಗುಂಡುಕಲ್ಲಿನಂಗ ಆಗೈತಿ' ಅಂತ ಹೊಗಳಿದವರು ನೀವ ಅಲ್ಲೇನ್ರಿ?"

ಆ ಎರಡನೇ ಹಿಡಿಯ ಘಾಟಿಗೆ ನಮ್ಮ ಓಣಿಯೇ ಕೆಮ್ಮಿತ್ತು. ತಪ್ಪು ಮಾತ್ರ ಡಾಕ್ಟರ ಕಣ್ಣಿನದಾಯಿತು! ಅವರು ನಗಲಿಲ್ಲ, ಹೊಗೆ ಕೂಸಿನ ಜೀವಕ್ಕೇ ಕುತ್ತು ಎಂದು ಗದರಿದರು. ಅತ್ತೆ ಒಪ್ಪಿದಂತೆ ಕಾಣಲಿಲ್ಲ.

ಮಗ ಗುಣವಾಗಿ ಎರಡನೇ ಸಲ ಹೊರಟಾಗ ಡಾಕ್ಟರು ಅವನ ಎದೆ ಪರೀಕ್ಷಿಸಿ, ಅತ್ತೆಗೆ ಕೇಳುವಂತೆ ಮುಖ ಸಿಂಡರಿಸಿ ಹೇಳಿದರು: "ಏನೋ ನಡದೈತ್ರಿ, ಹೇಳ್ಕೊಳ್ಳೋ ಹಂಗೇನಿಲ್ಲ." ಅತ್ತೆಗೆ ಸಮಾಧಾನವಾಯಿತು. ಮನೆಯಲ್ಲಿ ಮೆಣಸಿನಕಾಯಿ ಡಬ್ಬಿಯ ಮುಚ್ಚಳ ತೆರೆಯಲಿಲ್ಲ.

ಈಗ ಮಗ ಮನೆತುಂಬ ಓಡಾಡುತ್ತಾನೆ. ನೋಡಿ ಎಷ್ಟೇ ಖುಷಿಯಾದರೂ ನಾವ್ಯಾರೂ ಬಾಯಿ ಬಿಡುವುದಿಲ್ಲ. ನಮ್ಮಲ್ಲಿ ಹೊಗಳಿಕೆಯೂ ಹೊಗೆಯಷ್ಟೇ ಅಪಾಯ.