ಕೂಗಬಾರದ ಗಂಟಲು

ಆರು ವರ್ಷ ಆಪೆರಾ ಹಾಡುವುದನ್ನು ಕಲಿತ ಹುಡುಗಿಗೆ ಅಂತೂ ಇಂತೂ ಮೊದಲ ಪಾತ್ರ ಸಿಕ್ಕಿತು. ದೊರೆಸಾನಿಯ ಮನೆಗೆಲಸದವಳ ಪಾತ್ರ. ಬಾಗಿಲು ತೆಗೆದು, ನಾಲ್ಕು ಸಾಲು ಹಾಡಿ, ಬಾಗಿಲು ಹಾಕಿಕೊಂಡು ಹೋಗಬೇಕು. ಅಷ್ಟಕ್ಕೇ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮನೆಯೆಂದರೆ ಅಮ್ಮನ ಲಾಂಡ್ರಿಯ ಹಿಂದಿನ ಎರಡು ಕೋಣೆ. ಬಟ್ಟೆ ಒಗೆಯುವ ಯಂತ್ರಗಳು ದಿನವಿಡೀ ಗುಡುಗುವುದರಿಂದ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕು. ಕೂಗಿದರೆ ಗಂಟಲು ಕೆಡುತ್ತದೆಂದು ಹಾಡು ಕಲಿಸಿದ ಟೀಚರ್ ಹೇಳಿದ್ದರು. ಹಾಗಾಗಿ ಅವಳು ಕೂಗುತ್ತಿರಲಿಲ್ಲ, ಹಾಡುತ್ತಿದ್ದಳು. "ನೀಲಿ ಅಂಗಿಗೆ ಗುಂಡಿ ಇಲ್ಲಮ್ಮಾ..." ಎಂಬ ಸಾಲು ಯಂತ್ರಗಳನ್ನು ದಾಟಿ ಬೀದಿಗೆ ಬೀಳುತ್ತಿತ್ತು. ನೀಲಿ ಅಂಗಿಯವರು ತಲೆ ತಗ್ಗಿಸಿ ಹೋಗುತ್ತಿದ್ದರು.

ತಾಲೀಮಿನಲ್ಲಿ ಅರ್ಧ ದನಿ ಸಾಕು, ಉಳಿದದ್ದನ್ನು ಪ್ರದರ್ಶನಕ್ಕೆ ಉಳಿಸಿಕೋ ಎಂದೂ ಟೀಚರ್ ಹೇಳಿದ್ದರು. ಹೆಸರು ಮಾಡಿದ ಗಾಯಕರೆಲ್ಲ ಹಾಗೇ ಮಾಡುತ್ತಾರೆ. ಇವಳು ಹೆಸರು ಮಾಡುವ ಮೊದಲೇ ಶುರು ಮಾಡಿಬಿಟ್ಟಳು. ವಾದ್ಯಮೇಳ ನಡೆಸುವ ಮೇಷ್ಟ್ರು ಆಯ್ಕೆಯ ದಿನ ಊರಲ್ಲಿರಲಿಲ್ಲ. ತಾಲೀಮಿನಲ್ಲಿ ಅವರಿಗೆ ಅವಳ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು.

ಕೊನೆಗೆ ಅವರು ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟರು. "ಏನಮ್ಮಾ, ದನಿ ಮನೇಲೇ ಬಿಟ್ಟು ಬಂದಿದ್ದೀಯಾ?"

"ಉಳಿಸ್ತಾ ಇದ್ದೀನಿ ಸರ್."

"ಉಳಿಸ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ? ನಾಳೆ ಬೇರೆ ಹುಡುಗೀನ ಕರೆಸ್ತೀನಿ. ನೀನು ಹೊರಡು."

ಈಗಲೇ ಪೂರ್ತಿ ಹಾಡುತ್ತೇನೆ ಎನ್ನಲು ಹೋದಳು. ಅಳು ಒತ್ತಿಕೊಂಡು ಬಂದು, ಆ ಮಾತೂ ಅರ್ಧ ದನಿಯಲ್ಲೇ ಹೊರಟಿತು. ಚೀಲ ಎತ್ತಿಕೊಂಡಳು.

ಅಷ್ಟರಲ್ಲಿ ರಂಗಮಂದಿರದ ಬಾಲ್ಕನಿಯ ತುತ್ತತುದಿಯಿಂದ ಅಮ್ಮನ ಗಂಟಲು ಕೇಳಿತು. ದಾರಿ ತಪ್ಪಿ ಮೇಲೆ ಹತ್ತಿಬಿಟ್ಟಿದ್ದಳು.

"ಏ ಪುಟ್ಟೀ! ಮಫ್ಲರ್ ಮರೆತು ಬಂದಿದ್ದೀಯಲ್ಲೇ! ಕೆಳಗೆ ಬರೋದು ಹೇಗೇ?"

ಅಷ್ಟು ದೂರಕ್ಕೆ ಕೂಗುವುದುಂಟೇ? ಅಭ್ಯಾಸಬಲ, ಬಾಯಿ ತಾನಾಗಿ ತೆರೆಯಿತು.

"ಎಡಗಡೆ ಮೆಟ್ಟಿಲಮ್ಮಾ... ಕೆಂಪು ಬಾಗಿಲು ತಳ್ಳಮ್ಮಾ..."

ಮೇಲಿನ ಗಾಜಿನ ದೀಪಗಳು ಕಿಣಿಗುಟ್ಟಿದವು. ಪಿಟೀಲಿನವರು ಕಮಾನು ಇಳಿಸಿ ನೋಡಿದರು. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ನೋಡಬೇಕಾದ್ದು ಏನೂ ಇರಲಿಲ್ಲ, ಪಾಪ.

"ಇನ್ನೊಂದ್ಸಲ ಹಾಡು," ಎಂದರು. "ಬಾಗಿಲು ಮಾತ್ರ ನಮ್ಮ ನಾಟಕದ್ದೇ ಇರಲಿ."

ಏದುಸಿರು ಬಿಡುತ್ತಾ ಬಂದ ಅಮ್ಮ ಮಗಳ ಕತ್ತಿಗೆ ಮಫ್ಲರ್ ಸುತ್ತಿ, ಮೇಷ್ಟ್ರ ಕಡೆ ತಿರುಗಿದಳು. "ಮನೇಲಿ ಇನ್ನೂ ಜೋರು ಸಾರ್. ಇವತ್ತು ಯಾಕೋ ಸ್ವಲ್ಪ ಸಪ್ಪೆ."

"ಅಮ್ಮಾ, ಸುಮ್ನಿರು," ಎಂದು ಪಿಸುಗುಟ್ಟಿ, ಮಗಳು ಚೀಲ ಕೆಳಗಿಟ್ಟು ದೊರೆಸಾನಿಯ ಬಾಗಿಲು ತೆಗೆದಳು.